ಮೊಲದೊಳಗೊಂದು ಮೊಲ

ಅಟ್ಟಿಸಿಕೊಂಡು ಬಂದ ಬೇಟೆನಾಯಿಯನ್ನು ಮೊಲವೊಂದು ತಿರುಗಿಬಿದ್ದು ಓಡಿಸಿತಂತೆ. ಅದನ್ನು ಕಂಡವರು ‘ಇದು ಗಂಡು ಮೆಟ್ಟಿದ ನೆಲ’ ಎಂದು ಅಲ್ಲೇ ಊರು ಕಟ್ಟಲು ನಿಶ್ಚಯಿಸಿದರಂತೆ. ಯಲಹಂಕದ ಕೆಂಪೇಗೌಡರು 1537ರಲ್ಲಿ ಬೆಂಗಳೂರು ಕಟ್ಟಿದ ಕತೆ ಹೇಳುವಾಗ ಹಿರಿಯರು ಈ ಮೊಲವನ್ನು ಬಿಡುವುದಿಲ್ಲ. ಹಂಪೆಯ ಹುಟ್ಟಿನ ಕತೆಯಲ್ಲೂ ಇಂಥದೇ ಒಂದು ಮೊಲ, ಇಂಥದೇ ಒಂದು ನಾಯಿ. ಐತಿಹ್ಯವನ್ನು ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಕತೆ ಹೆಣೆದವರಿಗೆ ಒಂದು ಸಂಗತಿಯಂತೂ ಚೆನ್ನಾಗಿ ಗೊತ್ತಿತ್ತು: ಈ ಬಯಲುಸೀಮೆಯ ಹುಲ್ಲುಗಾವಲಲ್ಲಿ ಮೊಲಗಳಿದ್ದವು.

ಈಗಲೂ ಇವೆ. ಯಲಹಂಕದಿಂದ ಪಶ್ಚಿಮಕ್ಕೆ ಹೋದರೆ ಸಿಗುವ ಹೆಸರಘಟ್ಟದ ಹುಲ್ಲುಗಾವಲಲ್ಲಿ ಸಂಜೆ ಕತ್ತಲಾಗುತ್ತಿದ್ದಂತೆ ಅವು ಮೇಯಲು ಹೊರಡುತ್ತವೆ. ಹಗಲೆಲ್ಲ ಹುಲ್ಲಿನ ಬುಡದಲ್ಲಿ ಮೈಯಳತೆಯ ಒಂದು ತಗ್ಗು ಮಾಡಿಕೊಂಡು, ಕಿವಿ ಮಡಚಿಕೊಂಡು ಕೂತಿರುತ್ತವೆ. ಕಾಲಿನಡಿಗೆ ಬರುವವರೆಗೂ ಕದಲುವುದಿಲ್ಲ. ಎದ್ದು ಓಡಿದಾಗ ಕಾಣುವುದು ಕುತ್ತಿಗೆಯ ಹಿಂದಿನ ಕಪ್ಪು ಮಚ್ಚೆ ಮತ್ತು ಬಾಲದ ಮೇಲ್ಭಾಗದ ಕಪ್ಪು. ಆ ಮಚ್ಚೆಯಿಂದಲೇ ಇದಕ್ಕೆ ಲೀಪಸ್ ನೈಗ್ರಿಕೋಲಿಸ್, ಅಂದರೆ ‘ಕಪ್ಪು ಕುತ್ತಿಗೆಯ ಮೊಲ’ ಎಂಬ ವೈಜ್ಞಾನಿಕ ಹೆಸರು ಬಂತು.

ಜಗತ್ತಿನ ಬೇರೆ ಬೇರೆ ಕಡೆ ಈ ಮೊಲದ ದಾಯಾದಿಗಳು 30ಕ್ಕೂ ಹೆಚ್ಚು ಪ್ರಭೇದಗಳಾಗಿ ಹರಡಿವೆ. ಕಳೆದ ಎರಡು ಮೂರು ದಶಕಗಳಲ್ಲಿ ಅವುಗಳ ವಂಶವಾಹಿಗಳನ್ನು ಓದಿದ ವಿಜ್ಞಾನಿಗಳಿಗೆ ಒಂದು ವಿಚಿತ್ರ ಕಂಡಿದೆ. ಒಂದು ಮೊಲದೊಳಗೆ ಇನ್ನೊಂದು ಮೊಲ ಅಡಗಿ ಕೂತಿದೆ. ಹೊರಗಿನಿಂದ ಒಂದು ಪ್ರಭೇದ, ಒಳಗಿನ ಜೀನುಗಳಲ್ಲಿ ಇನ್ನೊಂದರ ಪಾಲು. ಆ ಅಡಗಿದ ಮೊಲದ ಕತೆಯಲ್ಲಿ ಬೆಂಗಳೂರಿನ ಉತ್ತರದ ಬಯಲಿಗೂ ಒಂದು ಪಾಠವಿದೆ.

ಎಲ್ಲ ಮೊಲವೂ ಮೊಲವಲ್ಲ

ಮೊದಲು ಒಂದು ಗೊಂದಲ ಬಗೆಹರಿಯಬೇಕು. ಕನ್ನಡದಲ್ಲಿ ‘ಮೊಲ’ ಎಂಬ ಒಂದೇ ಮಾತು ಎರಡು ಬೇರೆ ಪ್ರಾಣಿಗಳನ್ನು ಹೊತ್ತಿದೆ. ಆರ್.ಟಿ. ನಗರದಲ್ಲೋ ಯಶವಂತಪುರದಲ್ಲೋ ಮಕ್ಕಳು ಪಂಜರದಲ್ಲಿಟ್ಟು ಗಜ್ಜರಿ ತಿನ್ನಿಸುವ ಬಿಳಿ ಮೊಲ ಯೂರೋಪಿನ ರ‍್ಯಾಬಿಟ್‌ನ ಸಂತಾನ. ಹೆಸರಘಟ್ಟದ ಕಾಡುಮೊಲ ಇಂಗ್ಲಿಷಿನವರು ‘ಹೇರ್’ ಎನ್ನುವ ಪ್ರಾಣಿ. ರ‍್ಯಾಬಿಟ್ ಬಿಲ ತೋಡುತ್ತದೆ; ಅದರ ಮರಿ ಕೂದಲಿಲ್ಲದೆ, ಕಣ್ಣು ಬಿಡದೆ ಹುಟ್ಟುತ್ತದೆ. ಕಾಡುಮೊಲ ಬಿಲ ತೋಡುವುದಿಲ್ಲ. ಅದರ ಮರಿ ಮೈತುಂಬ ಕೂದಲಿನೊಂದಿಗೆ, ಕಣ್ಣು ತೆರೆದುಕೊಂಡೇ ಭೂಮಿಗೆ ಬೀಳುತ್ತದೆ.

ಇನ್ನೂ ದೊಡ್ಡ ಭೇದ ಕೋಶದೊಳಗಿದೆ. ರ‍್ಯಾಬಿಟ್‌ನ ಪ್ರತಿ ಕೋಶದಲ್ಲಿ 44 ವರ್ಣತಂತುಗಳು (ಕ್ರೋಮೋಸೋಮುಗಳು), ಕಾಡುಮೊಲದಲ್ಲಿ 48. ಆದ್ದರಿಂದ ಪಂಜರದ ಮೊಲ ತಪ್ಪಿಸಿಕೊಂಡು ಹುಲ್ಲುಗಾವಲು ಸೇರಿದರೂ ಕಾಡುಮೊಲದ ಕುಲಕ್ಕೆ ಅದರ ರಕ್ತ ಬೆರೆಯುವುದಿಲ್ಲ. ಲಕ್ಷಾಂತರ ವರ್ಷಗಳ ಹಿಂದೆಯೇ ಎರಡರ ದಾರಿ ಕವಲೊಡೆದಿದೆ.

ಲೆಕ್ಕ ಹೊಂದದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹೇಸರಗತ್ತೆಗಿಂತ ಒಳ್ಳೆಯ ಉದಾಹರಣೆ ಇಲ್ಲ. (ಹೆಸರಘಟ್ಟ ಎಂದಾಗ ಹೇಸರಗತ್ತೆ ನೆನಪಾದರೆ ಅದು ಕಿವಿಯ ಚೇಷ್ಟೆ!) ಕುದುರೆಯಲ್ಲಿ 64 ವರ್ಣತಂತು, ಕತ್ತೆಯಲ್ಲಿ 62. ಇಬ್ಬರ ಕೂಸಾದ ಹೇಸರಗತ್ತೆಗೆ 63. ಮೈಕಟ್ಟು ಗಟ್ಟಿಮುಟ್ಟು, ದುಡಿಮೆಗೆ ಎತ್ತಿದ ಕೈ. ಆದರೆ ಬೀಜಕೋಶಗಳು ತಯಾರಾಗುವಾಗ ವರ್ಣತಂತುಗಳು ಜೋಡಿಯಾಗಿ ನಿಲ್ಲಬೇಕು. 63ನ್ನು ಜೋಡಿ ಮಾಡುವುದು ಹೇಗೆ? ಅಲ್ಲಿಗೆ ವಂಶ ನಿಂತಿತು. ಕುದುರೆಯ ಜೀನು ಕತ್ತೆಗಾಗಲಿ, ಕತ್ತೆಯದು ಕುದುರೆಗಾಗಲಿ ದಾಟುವುದಿಲ್ಲ.

ಕಾಡುಮೊಲಗಳ ವಿಷಯ ಹಾಗಲ್ಲ. ಹಿಮದ ನಾಡಿನ ಮೊಲವಿರಲಿ, ಮರಳುಗಾಡಿನದಿರಲಿ, ನಮ್ಮ ಬಯಲಿನದಿರಲಿ, ಎಲ್ಲಕ್ಕೂ 48 ವರ್ಣತಂತುಗಳೇ. ಲೆಕ್ಕ ಹೊಂದುತ್ತದೆ. ಎರಡು ಪ್ರಭೇದಗಳು ಎದುರಾದಾಗ ಕೂಡಿದರೆ ಹುಟ್ಟುವ ಮರಿ ಬಹುಮಟ್ಟಿಗೆ ಬಂಜೆಯಾಗಿರುವುದಿಲ್ಲ. ಆ ಮರಿ ಬೆಳೆದು ತಾಯಿಯ ಕುಲದಲ್ಲೋ ತಂದೆಯ ಕುಲದಲ್ಲೋ ಸಂಗಾತಿಯನ್ನು ಹುಡುಕಿಕೊಂಡರೆ ಆಯಿತು, ಬೇಲಿಗೆ ಒಂದು ಕಿಂಡಿ ಬಿತ್ತು. ಅದರೊಳಗಿಂದ ಒಂದು ಪ್ರಭೇದದ ಜೀನು ಇನ್ನೊಂದಕ್ಕೆ ಹರಿಯತೊಡಗುತ್ತದೆ. ವಿಜ್ಞಾನಿಗಳು ಇದನ್ನು ವಂಶವಾಹಿ ಹರಿವು ಎನ್ನುತ್ತಾರೆ.

ಮೂರೇ ಕಾಲಿನ ಹಟ

‘ತಾನು ಹಿಡಿದ ಮೊಲಕ್ಕೆ ಮೂರೇ ಕಾಲು’ ಎಂಬ ಗಾದೆ ವಿಜ್ಞಾನಿಗಳಿಗೂ ಒಮ್ಮೊಮ್ಮೆ ಒಪ್ಪುತ್ತದೆ. ಪ್ರಭೇದ ಎಂದರೇನು ಎಂಬ ಪ್ರಶ್ನೆಗೆ 1942ರಲ್ಲಿ ಅರ್ನ್‌ಸ್ಟ್ ಮಾಯರ್ ಎಂಬ ಜೀವಶಾಸ್ತ್ರಜ್ಞ ಕೊಟ್ಟ ಉತ್ತರ ಪಠ್ಯಪುಸ್ತಕಗಳಲ್ಲೆಲ್ಲ ನೆಲೆಯೂರಿದೆ. ತಮ್ಮ ತಮ್ಮಲ್ಲಿ ಕೂಡಿ ಸಂತಾನ ಪಡೆಯುವ, ಬೇರೆ ಗುಂಪಿನೊಂದಿಗೆ ಕೂಡದ ಜೀವಿಗಳ ಗುಂಪೇ ಪ್ರಭೇದ ಎಂಬುದು ಅದರ ತಿರುಳು. ಅಂದವಾದ ವ್ಯಾಖ್ಯೆ. ಹೆಚ್ಚಿನ ಪ್ರಾಣಿಗಳಿಗೆ ಸರಿಹೋಗುತ್ತದೆ. ಮೊಲಗಳು ಮಾತ್ರ ಅದನ್ನು ಓದಿಕೊಂಡಂತಿಲ್ಲ.

ಬೆರಕೆ ಎಂದರೆ ಕನ್ನಡಿಗರಿಗೆ ಹೊಸತೇನಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿ ಭಾರತದ ರಾಗಿಗೆ ಆಫ್ರಿಕದ ರಾಗಿಯನ್ನು ಬೆರೆಸಿ ತಯಾರಿಸಿದ ‘ಇಂಡಾಫ್’ ತಳಿಗಳ ಹೆಸರು ರೈತರ ಬಾಯಲ್ಲಿ ಇಂದಿಗೂ ಇದೆ. ಇಂಡಿಯಾದ ‘ಇಂಡ್’, ಆಫ್ರಿಕದ ‘ಆಫ್’. ಆ ತಳಿಗಳು ಎಷ್ಟೋ ಮನೆಗಳ ಕಣಜ ತುಂಬಿದವು. ಆದರೆ ಅಲ್ಲಿ ಎರಡೂ ರಾಗಿಯೇ, ಬೆರೆಸಿದ್ದು ಮನುಷ್ಯ, ಯಾವ ಗುಣ ಬೇಕು, ಯಾವುದು ಬೇಡ ಎಂದು ಆರಿಸಿದ್ದೂ ಮನುಷ್ಯ. ಕಾಡಿನಲ್ಲಿ ಆರಿಸುವವರು ಯಾರು? ಚಳಿ, ಹಸಿವು, ನರಿ ಮತ್ತು ಹದ್ದು.

ಇಲ್ಲದ ಅಜ್ಜಿಯ ಗುರುತು

ಯೂರೋಪಿನ ನೈಋತ್ಯ ಮೂಲೆಯಲ್ಲಿ ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳಿವೆ. ಅಲ್ಲಿ ಮೂರು ಪ್ರಭೇದದ ಕಾಡುಮೊಲಗಳಿವೆ. ದಕ್ಷಿಣದಿಂದ ಉತ್ತರದವರೆಗೆ ಹರಡಿರುವುದು ಐಬೀರಿಯದ ಮೊಲ. ಉತ್ತರದ ಬೆಟ್ಟಸಾಲಿನ ಒಂದು ತುಂಡಿನಲ್ಲಷ್ಟೇ ಇರುವುದು ಬ್ರೂಮ್ ಮೊಲ. ಫ್ರಾನ್ಸಿನ ಗಡಿಯತ್ತ ಇರುವುದು ಯೂರೋಪಿನ ಕಂದು ಮೊಲ.

ಈ ಶತಮಾನದ ಆರಂಭದ ವರ್ಷಗಳಲ್ಲಿ ಪೋರ್ಚುಗಲ್ಲಿನ ಪೋರ್ಟೊ ವಿಶ್ವವಿದ್ಯಾಲಯದ ಸಂಶೋಧಕರು ಇವುಗಳ ಮೈಟೊಕಾಂಡ್ರಿಯದ ಡಿಎನ್‌ಎ ಪರೀಕ್ಷಿಸಿದರು. ಮೈಟೊಕಾಂಡ್ರಿಯ ಎಂದರೆ ಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಒಲೆ. ಅದಕ್ಕೆ ತನ್ನದೇ ಆದ ಒಂದು ಚಿಕ್ಕ ಡಿಎನ್‌ಎ ಉಂಟು. ಅದು ಮಕ್ಕಳಿಗೆ ತಾಯಿಯಿಂದ ಮಾತ್ರ ಬರುತ್ತದೆ. ತಾಯಿ, ಅಜ್ಜಿ, ಮುತ್ತಜ್ಜಿ ಹೀಗೆ ಹೆಣ್ಣಿನ ದಾರಿ ಹಿಡಿದು ಹಿಂದಕ್ಕೆ ಹೋಗಲು ಇದಕ್ಕಿಂತ ಒಳ್ಳೆಯ ಕೈದೀಪವಿಲ್ಲ.

ಆ ದೀಪ ಹಿಡಿದು ಹೋದವರು ಬೆರಗಾದರು. ಉತ್ತರ ಸ್ಪೇನಿನ ಮೊಲಗಳಲ್ಲಿ ಬಹುಪಾಲಿಗೆ ಇದ್ದದ್ದು ಅವುಗಳದೇ ಪ್ರಭೇದದ ಮೈಟೊಕಾಂಡ್ರಿಯವಲ್ಲ. ಅದು ಬೆಟ್ಟದ ಮೊಲದ್ದು. ಚಳಿಗಾಲದಲ್ಲಿ ಮೈಯೆಲ್ಲ ಬಿಳಿಯಾಗುವ ಈ ಬೆಟ್ಟದ ಮೊಲ ಇಂದು ಸ್ಕಾಂಡಿನೇವಿಯ, ರಷ್ಯ, ಸ್ಕಾಟ್ಲೆಂಡ್, ಆಲ್ಪ್ಸ್ ಪರ್ವತಗಳಂಥ ಚಳಿಸೀಮೆಯ ಪ್ರಾಣಿ. ಸ್ಪೇನಿನಲ್ಲಿ ಅದು ಒಂದೂ ಇಲ್ಲ. ಹಾಗಿದ್ದರೆ ಇಲ್ಲದ ಅಜ್ಜಿಯ ಗುರುತು ಮೊಮ್ಮಕ್ಕಳ ಮೈಯಲ್ಲಿ ಹೇಗೆ ಬಂತು?

ಉತ್ತರ ಹಿಮಯುಗದಲ್ಲಿದೆ. ಸುಮಾರು 20,000 ವರ್ಷಗಳ ಹಿಂದೆ, ಯೂರೋಪಿನ ಉತ್ತರವೆಲ್ಲ ಹಿಮದ ಹಾಸಿನಡಿ ಇದ್ದಾಗ, ಬೆಟ್ಟದ ಮೊಲ ಸ್ಪೇನಿನ ಉತ್ತರದವರೆಗೂ ಇಳಿದು ಬಂದಿತ್ತು. ಭೂಮಿ ಬೆಚ್ಚಗಾದಂತೆ ದಕ್ಷಿಣದ ಐಬೀರಿಯದ ಮೊಲ ಉತ್ತರಕ್ಕೆ ಹಬ್ಬತೊಡಗಿತು. ಹೊಸ ನೆಲಕ್ಕೆ ಮೊದಲು ಕಾಲಿಟ್ಟವು ಬೆರಳೆಣಿಕೆಯವು. ಅವುಗಳ ಸುತ್ತ ಇದ್ದದ್ದು ಸ್ಥಳೀಯ ಬೆಟ್ಟದ ಮೊಲಗಳೇ. ಬಂದ ಗಂಡುಗಳು ಅಲ್ಲಿನ ಹೆಣ್ಣುಗಳೊಂದಿಗೆ ಕೂಡಿದವು. ಮರಿಗಳು ಮತ್ತೆ ಬಂದವರೊಂದಿಗೇ ಕೂಡಿದವು. ತಲೆಮಾರು ಕಳೆದಂತೆ ಬೆಟ್ಟದ ಮೊಲದ ರೂಪ, ಬಣ್ಣ, ಮೈಕಟ್ಟು ಎಲ್ಲ ತೊಳೆದುಹೋದವು. ಕೋಶಕೇಂದ್ರದ ವಂಶವಾಹಿಗಳಲ್ಲಿ ಅದರ ಪಾಲು ಈಗ ತೀರ ಕಡಿಮೆ. ಆದರೆ ತಾಯಿಯ ದಾರಿಯಲ್ಲಿ ಬಂದ ಪುಟ್ಟ ಒಲೆ ಮಾತ್ರ ಆರಲಿಲ್ಲ. ಬೆಟ್ಟದ ಮೊಲ ಸ್ಪೇನಿನಿಂದ ಮರೆಯಾಗಿ ಸಾವಿರಾರು ವರ್ಷಗಳಾದರೂ ಅದರ ಮೈಟೊಕಾಂಡ್ರಿಯ ಬೇರೆಯವರ ಮೈಯಲ್ಲಿ ಇನ್ನೂ ಉರಿಯುತ್ತಿದೆ.

ಸಾಲ ತಂದ ಕೋಟು

ಬೆರಕೆ ಬರೀ ಗುರುತಾಗಿ ಉಳಿಯದೆ ಉಪಕಾರಕ್ಕೂ ಬಂದದ್ದುಂಟು. ಉತ್ತರ ಅಮೆರಿಕದ ಹಿಮಪಾದದ ಮೊಲ ಚಳಿಗಾಲ ಬಂದೊಡನೆ ಕಂದು ಕೂದಲು ಉದುರಿಸಿ ಬಿಳಿ ಕೂದಲು ತಳೆಯುತ್ತದೆ. ಹಿಮದ ಮೇಲೆ ಬಿಳಿ ಮೊಲ ಕಣ್ಣಿಗೆ ಬೀಳುವುದಿಲ್ಲ. ಆದರೆ ಪೆಸಿಫಿಕ್ ಕರಾವಳಿಯತ್ತ ಹಿಮ ಕಡಿಮೆ ಬೀಳುವ ಪ್ರದೇಶಗಳಲ್ಲಿ ಅದೇ ಪ್ರಭೇದದ ಮೊಲಗಳು ಚಳಿಗಾಲದಲ್ಲೂ ಕಂದು ಬಣ್ಣದಲ್ಲೇ ಇರುತ್ತವೆ. ಬರಿ ನೆಲದ ಮೇಲೆ ಬಿಳಿ ಮೊಲ ಎಂದರೆ ‘ಬಾ, ನನ್ನನ್ನು ತಿನ್ನು’ ಎಂದು ನರಿಗೆ ಓಲೆ ಬರೆದಂತೆ ತಾನೆ?

ಈ ಕಂದು ಕೋಟು ಎಲ್ಲಿಂದ ಬಂತು? 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅಮೆರಿಕ ಮತ್ತು ಪೋರ್ಚುಗಲ್ಲಿನ ವಿಜ್ಞಾನಿಗಳ ತಂಡ ಉತ್ತರ ಪ್ರಕಟಿಸಿತು. ಬಣ್ಣ ಬದಲಾವಣೆಯ ಕೀಲಿ ‘ಅಗೌಟಿ’ ಎಂಬ ಒಂದು ಜೀನಿನಲ್ಲಿದೆ. ಶರತ್ಕಾಲದಲ್ಲಿ ಕೂದಲು ಬದಲಾಗುವಾಗ ಅದು ಜೋರಾಗಿ ಕೆಲಸ ಮಾಡಿದರೆ ಬಿಳಿ, ಮಂದವಾಗಿದ್ದರೆ ಕಂದು. ಆ ಕಂದು ಆವೃತ್ತಿ ಹಿಮಪಾದದ ಮೊಲದ ಸ್ವಂತದ್ದಲ್ಲ. ನೆರೆಯ ಒಣಸೀಮೆಯಲ್ಲಿ ವಾಸಿಸುವ, ವರ್ಷವಿಡೀ ಕಂದಾಗಿರುವ ಕಪ್ಪುಬಾಲದ ಜ್ಯಾಕ್‌ರ‍್ಯಾಬಿಟ್‌ನದು. (ಹೆಸರಲ್ಲಿ ರ‍್ಯಾಬಿಟ್ ಇದ್ದರೂ ಇದು ಕಾಡುಮೊಲವೇ.) ಹಿಂದೆಂದೋ ಎರಡು ಪ್ರಭೇದ ಕೂಡಿದಾಗ ಆ ಜೀನು ದಾಟಿ ಬಂತು; ಹಿಮ ಕಡಿಮೆಯಿರುವ ಕಡೆ ಅದನ್ನು ಹೊತ್ತ ಮೊಲಗಳೇ ಹೆಚ್ಚು ಬದುಕಿದವು; ಜೀನು ಹಬ್ಬಿತು. ನೆರೆಮನೆಯಿಂದ ಸಾಲ ತಂದ ಕೋಟು ಮನೆಯವರ ಜೀವ ಉಳಿಸಿತು. ಭೂಮಿ ಬಿಸಿಯಾಗಿ ಹಿಮಗಾಲ ಮೊಟಕಾಗುತ್ತಿರುವ ಈ ದಿನಗಳಲ್ಲಿ ಆ ಕೋಟಿನ ಬೆಲೆ ಇನ್ನೂ ಏರುತ್ತದೆ.

ಮೊಲಗಳ ಈ ಚಾಳಿಗೆ ಮನುಷ್ಯ ಮೂಗು ಮುರಿಯುವಂತಿಲ್ಲ. ನಿಯಾಂಡರ್ತಾಲ್ ಮಾನವನ ಮೂಳೆಗಳಿಂದ ಡಿಎನ್‌ಎ ಓದಿದ ಸ್ವಾಂಟೆ ಪಾಬೊ ಅವರ ತಂಡ 2010ರಲ್ಲಿ ತೋರಿಸಿದಂತೆ, ಆಫ್ರಿಕದ ಹೊರಗಿನ ಜನರ ವಂಶವಾಹಿಗಳಲ್ಲಿ ನೂರಕ್ಕೆ ಒಂದೆರಡು ಪಾಲು ಆ ಅಳಿದುಹೋದ ಮಾನವನದು. ಈ ಕೆಲಸಕ್ಕೆ ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಬಂತು. ಟಿಬೆಟ್ಟಿನ ಎತ್ತರದ ತೆಳುಗಾಳಿಯಲ್ಲಿ ಬದುಕಲು ಅಲ್ಲಿನವರಿಗೆ ನೆರವಾಗುವ ಒಂದು ಜೀನು ಡೆನಿಸೋವನ್ ಎಂಬ ಇನ್ನೊಂದು ಪ್ರಾಚೀನ ಮಾನವ ಗುಂಪಿನಿಂದ ಬಂದದ್ದು. ಈ ಸಾಲುಗಳನ್ನು ಓದುತ್ತಿರುವವರೊಳಗೂ ಒಬ್ಬ ಹಳೆಯ ನೆಂಟ ಕೂತಿದ್ದಾನೆ.

ಮನುಷ್ಯ ಮಾಡಿಸಿದ ಮದುವೆ

ಹಾಗಾದರೆ ಬೆರಕೆ ಎಲ್ಲಿದ್ದರೂ ಒಳ್ಳೆಯದೇ? ಐರ್ಲೆಂಡಿನವರನ್ನು ಕೇಳಬೇಕು. ಅಲ್ಲಿ ಬೆಟ್ಟದ ಮೊಲದ ಒಂದು ವಿಶಿಷ್ಟ ಉಪಪ್ರಭೇದವಿದೆ. ಬೇರೆಲ್ಲೂ ಸಹಜವಾಗಿ ಕಾಣಸಿಗದ ಈ ಐರಿಷ್ ಮೊಲ ಆ ದೇಶಕ್ಕೆ ಎಷ್ಟು ಪ್ರಿಯವೆಂದರೆ 1928ರಲ್ಲಿ ಹೊಸದಾಗಿ ಟಂಕಿಸಿದ ಮೂರು ಪೆನ್ನಿಯ ನಾಣ್ಯದ ಮೇಲೆ ಅದರ ಚಿತ್ರವಿತ್ತು. 19ನೇ ಶತಮಾನದಲ್ಲಿ ಬೇಟೆಯ ಶೋಕಿಗಾಗಿ ಜಮೀನುದಾರರು ಯೂರೋಪಿನ ಕಂದು ಮೊಲಗಳನ್ನು ತಂದು ಬಿಟ್ಟರು. ಅವುಗಳ ಪೈಕಿ ಕೆಲವು ಉತ್ತರ ಐರ್ಲೆಂಡಿನಲ್ಲಿ ನೆಲೆಯೂರಿವೆ. ಈಗ ಅಲ್ಲಿ ಎರಡರ ಬೆರಕೆ ಮೊಲಗಳು ವಂಶವಾಹಿ ಪರೀಕ್ಷೆಯಲ್ಲಿ ಸಿಕ್ಕಿವೆ.

ಸ್ವೀಡನ್ನಿನದೂ ಅದೇ ಕತೆ. ಅಲ್ಲಿಗೂ 19ನೇ ಶತಮಾನದಲ್ಲಿ ಬೇಟೆಗೆಂದು ಕಂದು ಮೊಲ ಬಂತು. 1997ರಲ್ಲಿ ಅಲ್ಲಿನ ಸಂಶೋಧಕರು ಕಂದು ಮೊಲಗಳ ಮೈಯಲ್ಲಿ ಬೆಟ್ಟದ ಮೊಲದ ಮೈಟೊಕಾಂಡ್ರಿಯ ಪತ್ತೆಹಚ್ಚಿದರು. ಗಾತ್ರದಲ್ಲಿ ದೊಡ್ಡದಾದ ಕಂದು ಗಂಡು ಬೆಟ್ಟದ ಮೊಲದ ಹೆಣ್ಣನ್ನು ಗೆಲ್ಲುತ್ತದೆ. ಮರಿಗಳು ಕಂದು ಮೊಲದ ಕುಲ ಸೇರುತ್ತವೆ. ಹೀಗೆ ಬೆಟ್ಟದ ಮೊಲ ತನ್ನ ಹೆಣ್ಣುಗಳ ಬಸಿರನ್ನೇ ಪರರಿಗೆ ಒಪ್ಪಿಸುತ್ತ ಹಿಂಜರಿಯುತ್ತದೆ.

ಸ್ಪೇನಿನಲ್ಲಿ ಆದದ್ದೂ ಇದೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಕೂಡುವ ಬಗೆ ಒಂದೇ, ಕೂಡಿಸಿದವರು ಬೇರೆ. ಅಲ್ಲಿ ಎರಡು ಪ್ರಭೇದಗಳನ್ನು ಎದುರುಬದುರು ತಂದದ್ದು ಸಾವಿರಾರು ವರ್ಷಗಳ ಹವಾಮಾನ. ಬೆಟ್ಟದ ಮೊಲಕ್ಕೆ ಹಿಂದೆ ಸರಿಯಲು ಉತ್ತರದ ಇಡೀ ಖಂಡ ತೆರೆದಿತ್ತು. ಐರ್ಲೆಂಡ್ ಒಂದು ದ್ವೀಪ. ಅಲ್ಲಿನ ಮೊಲಕ್ಕೆ ಹೋಗಲು ಬೇರೆ ನೆಲವಿಲ್ಲ. ನದಿ ಸೇರಿದ ಹಳ್ಳದ ನೀರು ನದಿಯಾಗುತ್ತದೆ, ನಿಜ. ಆದರೆ ಆ ಹಳ್ಳ ಒಂದೇ ಊರಿನ ಕುಡಿಯುವ ನೀರಾಗಿದ್ದರೆ?

ಜಕ್ಕೂರಿಗೆ ಬಂದ ತೋಳದ ಕೂದಲು

ಈ ಪ್ರಶ್ನೆ ನಮ್ಮ ಮನೆಬಾಗಿಲಿಗೂ ಬಂದಿದೆ, ಮೊಲದ ರೂಪದಲ್ಲಲ್ಲ, ಮೊಲವನ್ನು ತಿನ್ನುವ ತೋಳದ ರೂಪದಲ್ಲಿ. ಪುಣೆಯ ಸುತ್ತಿನ ಹುಲ್ಲುಗಾವಲುಗಳಲ್ಲಿ ತೋಳಗಳ ಮೇಲೆ ಕಣ್ಣಿಟ್ಟಿದ್ದ ಹವ್ಯಾಸಿಗಳಿಗೆ ಬಣ್ಣದಲ್ಲೂ ಚಹರೆಯಲ್ಲೂ ಏನೋ ವ್ಯತ್ಯಾಸವಿದ್ದ ಪ್ರಾಣಿಗಳು ಕಂಡವು. ತೋಳ ಎನ್ನಲು ಬಣ್ಣ ಒಪ್ಪದು, ನಾಯಿ ಎನ್ನಲು ನಡೆ ಒಪ್ಪದು. ಅನುಮಾನ ಬಗೆಹರಿದದ್ದು ಉತ್ತರ ಬೆಂಗಳೂರಿನಲ್ಲಿ. ಬಳ್ಳಾರಿ ರಸ್ತೆಯ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್), ಜಕ್ಕೂರು ಬಳಿಯ ‘ಏಟ್ರೀ’ ಸಂಸ್ಥೆ ಮತ್ತು ಪುಣೆಯ ಗ್ರಾಸ್‌ಲ್ಯಾಂಡ್ಸ್ ಟ್ರಸ್ಟ್ ಸೇರಿ ಅವುಗಳ ವಂಶವಾಹಿಗಳನ್ನು ಓದಿ 2023ರಲ್ಲಿ ಪ್ರಕಟಿಸಿದವು. ತೋಳ ಮತ್ತು ನಾಯಿ ಬೆರೆತಿರುವುದಕ್ಕೆ ಭಾರತದಲ್ಲಿ ವಂಶವಾಹಿಯ ಸಾಕ್ಷ್ಯ ಸಿಕ್ಕದ್ದು ಅದೇ ಮೊದಲು.

ನಾಯಿಗೂ ತೋಳಕ್ಕೂ ವರ್ಣತಂತುಗಳು 78. ಲೆಕ್ಕಕ್ಕೆ ಅಡ್ಡಿಯಿಲ್ಲ. ಆದರೆ ತಕ್ಕಡಿ ನೋಡಿ. ಒಂದು ತಟ್ಟೆಯಲ್ಲಿ ಕೋಟಿಗಟ್ಟಲೆ ನಾಯಿಗಳು, ಇನ್ನೊಂದರಲ್ಲಿ ಕೆಲವೇ ಸಾವಿರ ತೋಳಗಳು. ಅದರಲ್ಲೂ ಭಾರತದ ಬಯಲಿನ ತೋಳ ಜಗತ್ತಿನ ತೋಳಗಳಲ್ಲೇ ಅತ್ಯಂತ ಹಳೆಯ ಕವಲುಗಳಲ್ಲೊಂದು. ಹಿಂಡು ಒಡೆದು ಒಂಟಿಯಾದ ತೋಳಕ್ಕೆ ಸಂಗಾತಿ ಸಿಗದಾಗ ಊರಂಚಿನ ಕಸದ ಗುಡ್ಡೆಯಲ್ಲಿ ಬೆಳೆದ ನಾಯಿ ಸಿಗುತ್ತದೆ. ತೋಳಕ್ಕೆ ಹುಲ್ಲುಗಾವಲು ಉಳಿದಿದ್ದರೆ, ಹಿಂಡು ಉಳಿದಿದ್ದರೆ, ಈ ಮದುವೆ ನಡೆಯುತ್ತಿರಲಿಲ್ಲ.

ಬೆರೆಯಲು ನೆಂಟರಿಲ್ಲದ ಮೊಲ

ಈಗ ಹೆಸರಘಟ್ಟದ ಮೊಲಕ್ಕೆ ಬರೋಣ. ಅದಕ್ಕೆ ಬೆರಕೆಯ ಭಯವಿಲ್ಲ. ದಖ್ಖನ್ನಿನ ಈ ಭಾಗದಲ್ಲಿ ಬೇರೆ ಕಾಡುಮೊಲವೇ ಇಲ್ಲ. ಭಾರತದ ಉಳಿದ ಪ್ರಭೇದಗಳು ಲಡಾಖಿನ ಎತ್ತರದಲ್ಲೋ ಹಿಮಾಲಯದ ತಪ್ಪಲಿನಲ್ಲೋ ಇವೆ. ಹಿಂದೆ ಪ್ರಾಣಿಶಾಸ್ತ್ರಜ್ಞರು ದಕ್ಷಿಣದ ಕಪ್ಪು ಕುತ್ತಿಗೆಯ ಮೊಲ ಒಂದು, ಉತ್ತರದ ಕೆಂಬಾಲದ ಮೊಲ ಇನ್ನೊಂದು ಎಂದು ಎಣಿಸಿ ಗೋದಾವರಿಯನ್ನು ಸುಮಾರಾಗಿ ಎಲ್ಲೆಯೆಂದು ಗುರುತಿಸಿದ್ದರು. ಈಗ ಎರಡನ್ನೂ ಒಂದೇ ಪ್ರಭೇದದ ಬೇರೆ ಬೇರೆ ರೂಪಗಳೆಂದು ಪರಿಗಣಿಸುತ್ತಾರೆ.

ಹಾಗಾಗಿ ಇಲ್ಲಿನ ಆತಂಕ ತಿರುವುಮುರುವು. ಪರರ ಜೀನು ಒಳಬರುವುದಲ್ಲ, ಸ್ವಂತದವರ ಜೀನು ಒಳಬಾರದಿರುವುದು. ಒಂದು ಹುಲ್ಲುಗಾವಲಿನ ಮೊಲ ಇನ್ನೊಂದಕ್ಕೆ ಹೋಗಿ ಕೂಡಿದರೆ ಮಾತ್ರ ಎರಡು ಕಡೆಯೂ ವಂಶ ತಾಜಾ ಇರುತ್ತದೆ. ದಾರಿ ಕಡಿದರೆ ಪ್ರತಿ ತುಂಡು ಹುಲ್ಲುಗಾವಲೂ ಒಂದೊಂದು ದ್ವೀಪ. ದ್ವೀಪದಲ್ಲಿ ಅಣ್ಣತಂಗಿಯರ ಮಕ್ಕಳೇ ಮತ್ತೆ ಮತ್ತೆ ಕೂಡಬೇಕಾಗುತ್ತದೆ.

ಅದರ ಫಲ ಏನೆಂದು ತಿಳಿಯಲು ಜಿಕೆವಿಕೆ ಆವರಣದ ಅದೇ ಎನ್‌ಸಿಬಿಎಸ್ ನಡೆಸಿದ ಇನ್ನೊಂದು ಅಧ್ಯಯನ ನೋಡಬಹುದು. ಒಡಿಶಾದ ಸಿಮ್ಲಿಪಾಲ್ ಕಾಡಿನಲ್ಲಿ ಪಟ್ಟೆಗಳು ದಪ್ಪಗೆ ಕೂಡಿಕೊಂಡು ಮೈಯೆಲ್ಲ ಕಪ್ಪಾದಂತೆ ಕಾಣುವ ಹುಲಿಗಳಿವೆ. ಉಮಾ ರಾಮಕೃಷ್ಣನ್ ಅವರ ತಂಡ 2021ರಲ್ಲಿ ಅದಕ್ಕೆ ಒಂದೇ ಜೀನಿನ ಒಂದು ಅಕ್ಷರದಷ್ಟು ಬದಲಾವಣೆ ಕಾರಣವೆಂದು ಕಂಡುಹಿಡಿಯಿತು. ಬೇರೆ ಕಾಡುಗಳಲ್ಲಿ ಕಾಣದ ಈ ರೂಪ ಸಿಮ್ಲಿಪಾಲ್‌ನಲ್ಲಿ ಸುಮಾರು ಮೂರು ಹುಲಿಗೆ ಒಂದರಲ್ಲಿದೆ. ಕಾರಣ, ಆ ಹುಲಿಗಳು ಉಳಿದ ಹುಲಿಗಳಿಂದ ಕಡಿದುಹೋಗಿ ತಮ್ಮ ತಮ್ಮಲ್ಲೇ ಕೂಡುತ್ತಿವೆ. ಕಪ್ಪು ಹುಲಿ ನೋಡಲು ಚೆಂದ, ಪ್ರವಾಸಿಗರಿಗೆ ಹಬ್ಬ. ಆದರೆ ಕಪ್ಪು ಪಟ್ಟೆ ಹೀಗೆ ಹೆಚ್ಚಾಗುವಲ್ಲಿ ಕಣ್ಣಿಗೆ ಕಾಣದ ದೋಷಗಳೂ ಹಾಗೆಯೇ ಹೆಚ್ಚಾಗಬಹುದು.

ಹುಲಿಯ ಜನನ ಮರಣ ಲೆಕ್ಕ ಇಡಲು ಇಲಾಖೆಯೇ ಇದೆ. ಮೊಲದ ಲೆಕ್ಕ ಇಡುವವರು ಯಾರು?

5,678 ಎಕರೆ

ಅರ್ಕಾವತಿ ನದಿ ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಮೇಲೆ ಹಾದು ಹೆಸರಘಟ್ಟಕ್ಕೆ ಬರುತ್ತದೆ. 1890ರ ದಶಕದಲ್ಲಿ ಬೆಂಗಳೂರಿಗೆ ಮೊದಲ ಕೊಳಾಯಿ ನೀರು ಬಂದದ್ದು ಹೆಸರಘಟ್ಟದ ಕೆರೆಯಿಂದ. ಕೆರೆಯ ಪಕ್ಕದ ಹುಲ್ಲುಗಾವಲು ನಗರದ ಆಸುಪಾಸಿನಲ್ಲಿ ಉಳಿದ ಕೊನೆಯ ದೊಡ್ಡ ಹುಲ್ಲುಗಾವಲು. ಮೊಲ, ನರಿ, ಚಳಿಗಾಲಕ್ಕೆ ದೂರದೇಶಗಳಿಂದ ಬರುವ ಸೆಳೆವ ಹಕ್ಕಿಗಳಿಗೆ ಅದೇ ಆಸರೆ.

ಇದನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಬೇಕೆಂಬ ಪ್ರಸ್ತಾವವನ್ನು 2021ರ ಜನವರಿಯಲ್ಲಿ ರಾಜ್ಯ ವನ್ಯಜೀವಿ ಮಂಡಳಿ ತಳ್ಳಿಹಾಕಿತ್ತು. ಪರಿಸರಾಸಕ್ತರು ಪಟ್ಟು ಬಿಡಲಿಲ್ಲ. ವಿಷಯ ಹೈಕೋರ್ಟ್ ಮೆಟ್ಟಿಲೇರಿತು. 2024ರ ಅಕ್ಟೋಬರ್‌ನಲ್ಲಿ ಅದೇ ಮಂಡಳಿ 5,678 ಎಕರೆಯನ್ನು ಬೃಹತ್ ಹೆಸರಘಟ್ಟ ಹುಲ್ಲುಗಾವಲು ಸಂರಕ್ಷಣಾ ಮೀಸಲು ಪ್ರದೇಶವಾಗಿಸಲು ಒಪ್ಪಿತು. ಮರುವರ್ಷ ಜನವರಿಯಲ್ಲಿ ಸಚಿವ ಸಂಪುಟವೂ ಒಪ್ಪಿಗೆ ನೀಡಿತು. ‘ಬಂಜರು’, ‘ಖರಾಬು’ ಎಂದು ಕಡತದಲ್ಲಿ ಕರೆಸಿಕೊಳ್ಳುವ ನೆಲಕ್ಕೆ ಸಿಕ್ಕ ದೊಡ್ಡ ಮನ್ನಣೆ ಅದು.

ಆದರೆ ಗಡಿ ಗುರುತಿಸಿದ ಮಾತ್ರಕ್ಕೆ ಜೀನು ಹರಿಯುವುದಿಲ್ಲ. ಪೂರ್ವಕ್ಕೆ ಯಲಹಂಕ, ದೊಡ್ಡಬಳ್ಳಾಪುರ ರಸ್ತೆಯ ಬಡಾವಣೆಗಳು. ಅದರಾಚೆ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಓಡುವ ಬಳ್ಳಾರಿ ರಸ್ತೆ. ಉತ್ತರಕ್ಕೆ ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಯತ್ತ ಸಾಗುವ ವರ್ತುಲ ಹೆದ್ದಾರಿ. ಊರಿನ ಗೋಮಾಳಗಳು ಒಂದೊಂದಾಗಿ ಕರಗಿ ಸೈಟುಗಳಾಗಿವೆ. ಉಳಿದವುಗಳ ಸುತ್ತ ಕಾಂಪೌಂಡ್ ಗೋಡೆ. ರಾತ್ರಿ ಮೇಯಲು ಹೊರಟ ಮೊಲದ ಕಣ್ಣಿಗೆ ಲಾರಿಯ ದೀಪ ಬಿದ್ದರೆ ಅದು ನಿಂತಲ್ಲೇ ನಿಂತುಬಿಡುತ್ತದೆ. ರಸ್ತೆ ದಾಟಿದರೆ ಊರಂಚಿನ ನಾಯಿಗಳ ಹಿಂಡು ಕಾದಿರುತ್ತದೆ.

ಇಷ್ಟೆಲ್ಲ ಅಡ್ಡಿ ನಡುವೆ ಎಷ್ಟು ಮೊಲ ಅತ್ತಿತ್ತ ಹೋದರೆ ಸಾಕು? ಇದಕ್ಕೂ ಒಂದು ಲೆಕ್ಕವಿದೆ, ಮತ್ತು ಅದು ಧೈರ್ಯ ತುಂಬುವಂಥದು. ಅಮೆರಿಕದ ತಳಿವಿಜ್ಞಾನಿ ಸೀವಲ್ ರೈಟ್ 1931ರಲ್ಲಿ ಹಾಕಿದ ಗಣಿತದ ಮೇಲೆ ಬೆಳೆದ ನಿಯಮ ಅದು: ಒಂದು ತಲೆಮಾರಿಗೆ ಹೊರಗಿನ ಒಂದು ಪ್ರಾಣಿ ಬಂದು ಸಂತಾನ ಪಡೆದರೂ ಆ ತುಂಡಿನ ವಂಶವೈವಿಧ್ಯ ಬಹುಮಟ್ಟಿಗೆ ಉಳಿಯುತ್ತದೆ. ಹಿಮಪಾದದ ಮೊಲದ ಕೋಟಿನ ಗುಟ್ಟು ಬಿಡಿಸಿದ ತಂಡದಲ್ಲಿದ್ದ ಸ್ಕಾಟ್ ಮಿಲ್ಸ್ ಅವರು ಫ್ರೆಡ್ ಆಲೆನ್‌ಡಾರ್ಫ್ ಅವರೊಂದಿಗೆ 1996ರಲ್ಲಿ ಈ ನಿಯಮವನ್ನು ಮರುಪರಿಶೀಲಿಸಿ, ನಿಜಜೀವನದ ಏರುಪೇರು ಲೆಕ್ಕಕ್ಕೆ ತೆಗೆದುಕೊಂಡರೆ ಒಂದರಿಂದ ಹತ್ತು ಇದ್ದರೆ ಕ್ಷೇಮ ಎಂದರು. ಮೊಲದ ತಲೆಮಾರು ಎಂದರೆ ವರ್ಷ, ಎರಡು ವರ್ಷ. ಅಂದರೆ ವರ್ಷಕ್ಕೆ ಬೆರಳೆಣಿಕೆಯ ಮೊಲಗಳು ಜೀವಂತ ದಾಟಿದರೆ ಸಾಕು.

ಅಷ್ಟಕ್ಕೆ ಕೋಟಿಗಟ್ಟಲೆ ರೂಪಾಯಿಯ ಮೇಲ್ಸೇತುವೆ ಬೇಕಿಲ್ಲ. ರಸ್ತೆಯಡಿಯ ಮೋರಿ ಮಳೆನೀರಿಗಷ್ಟೇ ಅಲ್ಲ, ಒಣಗಿದಾಗ ಮೊಲಕ್ಕೂ ಹಾದಿ. ಅದರಲ್ಲಿ ಕಟ್ಟಡದ ಕಸ ತುಂಬದಿದ್ದರೆ ಆಯಿತು. ಅರ್ಕಾವತಿಯ ಹಳ್ಳದ ಎರಡು ಬದಿಯ ಪೊದೆ, ಕೆರೆ ಏರಿಯ ಹುಲ್ಲು, ಒಂದು ಕೆರೆಯಿಂದ ಇನ್ನೊಂದಕ್ಕೆ ಹೋಗುವ ರಾಜಕಾಲುವೆಯ ದಂಡೆ, ಇವು ನಂದಿಯ ತಪ್ಪಲಿನಿಂದ ಹೆಸರಘಟ್ಟದವರೆಗೆ ಹಿಂದಿನವರೇ ಹಾಕಿಕೊಟ್ಟ ಹಾದಿಗಳು. ಅವನ್ನು ಒತ್ತುವರಿ ಮಾಡದೆ, ಕಾಂಕ್ರೀಟು ಸುರಿಯದೆ ಬಿಟ್ಟರೆ ಸಾಕು. ಊರಂಚಿನ ಕಸದ ಗುಡ್ಡೆ ಕರಗಿದರೆ ಅದನ್ನು ನಂಬಿದ ನಾಯಿಗಳ ಹಿಂಡೂ ಚಿಕ್ಕದಾಗುತ್ತದೆ. ನಾಯಿಗಳ ಸಂತಾನಹರಣ ಚಿಕಿತ್ಸೆ ನಗರದೊಳಗಷ್ಟೇ ಅಲ್ಲ, ಹುಲ್ಲುಗಾವಲಿನ ಅಂಚಿನ ಹಳ್ಳಿಗಳಲ್ಲೂ ನಡೆಯಬೇಕು.

ಸ್ಪೇನಿನ ಬೆಟ್ಟದ ಮೊಲ ಮರೆಯಾಗುವ ಮೊದಲು ತನ್ನ ಒಂದು ತುಣುಕನ್ನು ಬೇರೊಂದು ಪ್ರಭೇದದ ಮೈಯಲ್ಲಿ ಬಿಟ್ಟುಹೋಯಿತು. ಯಲಹಂಕದ ಬಯಲಿನ ಮೊಲಕ್ಕೆ ಆ ಅವಕಾಶವೂ ಇಲ್ಲ. ಅದರ ಜೀನುಗಳನ್ನು ಹೊತ್ತುಕೊಳ್ಳಲು ಇಲ್ಲಿ ಇನ್ನೊಂದು ಪ್ರಭೇದದ ಮೊಲವಿಲ್ಲ. ಅದು ಉಳಿದರೆ ತಾನೇ ಉಳಿಯಬೇಕು. ಅದಕ್ಕೆ ಬೇಕಾದದ್ದು ಒಂದು ಒಣ ಮೋರಿ, ಒಂದು ಕೆರೆ ಏರಿ, ಮತ್ತು ರಾತ್ರಿ ಆ ರಸ್ತೆಯಲ್ಲಿ ಸ್ವಲ್ಪ ನಿಧಾನವಾಗಿ ಹೋಗುವ ಒಬ್ಬ ಚಾಲಕ.